ಮಂಜಿರೊ ನೆನಪಿನಲ್ಲಿ ಚರ್ಚಿನ ಆಸನದ ಕಥೆಯೂ ಇರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಮ್ಯಾಸಚೂಸೆಟ್ಸ್‌ ರಾಜ್ಯದ ಫೇರ್‌ಹೇವನ್ ಮತ್ತು ನ್ಯೂ ಬೆಡ್‌ಫರ್ಡ್ ಊರುಗಳು ಜಪಾನಿನ ಟೋಸಾಶಿಮಿಜು ನಗರದೊಡನೆ 1987ರಲ್ಲಿ ಬೆಳೆಸಿದ ಸೋದರಿ ನಗರ ಸಂಬಂಧಕ್ಕೆ 2027ರಲ್ಲಿ 40 ವರ್ಷ ತುಂಬುತ್ತದೆ. ಈ ನಂಟಿಗೆ ಕಾರಣನಾದ ಜಪಾನಿನ ಮೀನುಗಾರ ಹುಡುಗ ನಾಕಾಹಾಮಾ ಮಂಜಿರೊ ಹುಟ್ಟಿ 200 ವರ್ಷವಾಗುವುದೂ ಅದೇ ವರ್ಷ. ಫೇರ್‌ಹೇವನ್ನಿನ ವಿಟ್‌ಫೀಲ್ಡ್–ಮಂಜಿರೊ ಸ್ನೇಹ ಸಂಘವು ಈ ನೆನಪನ್ನು ಶ್ರದ್ಧೆಯಿಂದ ಕಾಯ್ದುಕೊಂಡು ಬಂದಿದೆ. ಅದೇ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗನಾಗಿ ಈ ಕುರಿತು ಒಂದು ಮಾತು ಹೇಳಬಯಸುತ್ತೇನೆ.

1841ರಲ್ಲಿ ಬಿರುಗಾಳಿಗೆ ಸಿಕ್ಕಿ ನಿರ್ಜನ ದ್ವೀಪವೊಂದನ್ನು ಸೇರಿದ್ದ ಐವರು ಮೀನುಗಾರರನ್ನು ತಿಮಿಂಗಿಲ ಬೇಟೆಯ ಹಡಗಿನ ಕಪ್ತಾನ ವಿಲಿಯಂ ವಿಟ್‌ಫೀಲ್ಡ್ ಕಾಪಾಡಿದರು. ನಾಲ್ವರು ಹೊನೊಲುಲುವಿನಲ್ಲಿ ಇಳಿದುಕೊಂಡರು. ಹದಿನಾಲ್ಕರ ಹುಡುಗ ಮಂಜಿರೊ ಮಾತ್ರ ಕಪ್ತಾನರೊಡನೆ ಉಳಿದು, 1843ರಲ್ಲಿ ನ್ಯೂ ಬೆಡ್‌ಫರ್ಡ್ ತಲುಪಿದ. ಸಮಾರಂಭಗಳಲ್ಲಿ ಎಲ್ಲರೂ ಕೊಂಡಾಡುವುದು ಈ ಸಮುದ್ರದ ಕಥೆಯನ್ನೇ. ಆದರೆ ಕಪ್ತಾನರ ದೊಡ್ಡತನ ನನಗೆ ಕಾಣುವುದು ಊರಿಗೆ ಮರಳಿದ ಮೇಲೆ. ಅವರು ಹೋಗುತ್ತಿದ್ದ ಚರ್ಚಿನವರು ಮಂಜಿರೊ ಕಪ್ತಾನರ ಕುಟುಂಬದ ಆಸನದಲ್ಲಿ ಕೂರುವಂತಿಲ್ಲ, ಕಪ್ಪು ಜನರಿಗೆಂದು ಬೇರೆ ಇಟ್ಟ ಜಾಗದಲ್ಲಿ ಕೂರಬೇಕು ಎಂದಾಗ, ವಿಟ್‌ಫೀಲ್ಡ್ ಹುಡುಗನನ್ನು ಬಿಡದೆ ಆ ಚರ್ಚನ್ನೇ ಬಿಟ್ಟು, ಕೊನೆಗೆ ಅವನನ್ನು ಒಪ್ಪಿಕೊಂಡ ಯೂನಿಟೇರಿಯನ್ ಚರ್ಚನ್ನು ಸೇರಿದರು. ಮುಳುಗುವವನಿಗೆ ಕೈಕೊಡುವವರು ಹಲವರು ಸಿಗುತ್ತಾರೆ. ಅವನಿಗಾಗಿ ತನ್ನವರನ್ನೇ ಎದುರು ಹಾಕಿಕೊಳ್ಳುವವರು ಅಪರೂಪ.

ಮಂಜಿರೊ ಅಲ್ಲಿ ನೌಕಾಶಾಸ್ತ್ರ ಕಲಿತು, 1851ರಲ್ಲಿ ಸ್ವದೇಶಕ್ಕೆ ಮರಳಿ, 1860ರಲ್ಲಿ ಕಾನ್ರಿನ್ ಮಾರು ಹಡಗಿನಲ್ಲಿ ದುಭಾಷಿಯಾಗಿ ಮತ್ತೆ ಅಮೆರಿಕಕ್ಕೆ ಬಂದ. 1870ರಲ್ಲಿ ಫೇರ್‌ಹೇವನ್ನಿಗೇ ಹೋಗಿ ವಯಸ್ಸಾಗಿದ್ದ ಕಪ್ತಾನರನ್ನು ಕಂಡ. ಅವನ ಮಗ 1918ರಲ್ಲಿ ಕೃತಜ್ಞತೆಯ ಕುರುಹಾಗಿ ಆ ಊರಿಗೆ ಸಮುರಾಯ್ ಖಡ್ಗವೊಂದನ್ನು ಅರ್ಪಿಸಿದ. ಮಂಜಿರೊವನ್ನು ಕಾಪಾಡಿದ ಸರಿಯಾಗಿ ನೂರು ವರ್ಷಕ್ಕೆ, 1941ರಲ್ಲಿ, ಎರಡೂ ದೇಶಗಳು ಯುದ್ಧಕ್ಕೆ ಇಳಿದವು ಎಂಬುದು ನೆನೆದಾಗಲೆಲ್ಲ ಮನಸ್ಸನ್ನು ಕಲಕುತ್ತದೆ.

ಆದ್ದರಿಂದ 2027ರ ಆಚರಣೆಯಲ್ಲಿ ಚರ್ಚಿನ ಆಸನದ ಪ್ರಸಂಗವನ್ನು ಮರೆಮಾಚದೆ, ಊರಿನ ಶಾಲಾ ಮಕ್ಕಳಿಗೆ ವಿವರವಾಗಿ ಹೇಳಬೇಕೆಂದು ಸಂಘವನ್ನು ಕೋರುತ್ತೇನೆ. ಕರ್ನಾಟಕದಿಂದ ಬರುವ ತಂದೆತಾಯಿಯರನ್ನು ನಯಾಗರಕ್ಕೆ ಕರೆದೊಯ್ಯುವ ಇಲ್ಲಿನ ಕನ್ನಡ ಕುಟುಂಬಗಳು, ಈಗ ವಸ್ತುಸಂಗ್ರಹಾಲಯವಾಗಿರುವ ವಿಟ್‌ಫೀಲ್ಡ್ ಅವರ ಮನೆಯನ್ನೂ ಒಮ್ಮೆ ತೋರಿಸಲಿ.

ಇಂತಿ,
ಮ್ಯಾಸಚೂಸೆಟ್ಸ್‌ನ ಓದುಗ