ಲೈಬ್ರರಿಯ ಹೊಸ ಲಾಗಿನ್ ಬಗ್ಗೆ ಪೋಷಕರಿಗೆ

ಆತ್ಮೀಯ ಪೋಷಕರೇ,

ನಮಸ್ಕಾರ. ಸೋಮವಾರ ಶಾಲೆಯ ಲೈಬ್ರರಿಯ ಲಾಗಿನ್ ಬದಲಾಗಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದದ್ದು ಹೋಗಿ ಪ್ರತಿ ಮಗುವಿಗೂ ಬೇರೆ ಬೇರೆ ಆದಾಗಿನಿಂದ ಆಫೀಸಿನ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಮಂಗಳವಾರ ರಾತ್ರಿ ಒಂಬತ್ತೂವರೆಗೆ ಒಬ್ಬ ತಂದೆ ನನಗೇ ಫೋನ್ ಮಾಡಿದರು. ಬೆಳಗಾದರೆ ಮಗಳು ಪ್ರಾಜೆಕ್ಟ್ ಕೊಡಬೇಕು, ಇ-ಪುಸ್ತಕ ತೆರೆಯುತ್ತಿಲ್ಲ, ಹಳೇ ಪಾಸ್‌ವರ್ಡ್ ತಗೊಳ್ತಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ವಾರ ಮೊದಲೇ ತಿಳಿಸದೇ ಇದ್ದದ್ದು ನಮ್ಮ ತಪ್ಪು, ಅದಕ್ಕೇ ಈ ವಾರದ ಪ್ರಾಜೆಕ್ಟುಗಳಿಗೆ ಇನ್ನೂ ಎಂಟು ದಿನ ಕೊಟ್ಟಿದ್ದೇವೆ.

ಆದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಮತ್ತೆ ಬರುವುದಿಲ್ಲ.

"ಮೊದಲಿನದೇ ಚೆನ್ನಾಗಿತ್ತಲ್ವಾ ಮೇಡಂ" ಅಂತ ತುಂಬಾ ಜನ ಕೇಳಿದ್ದೀರಿ. ಸುಲಭವಾಗಿತ್ತು, ಒಪ್ಪುತ್ತೇನೆ. ಲೈಬ್ರರಿ ಬಾಗಿಲಿನ ಹಿಂದೆ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದ ಚೀಟಿ, ನಾಲ್ಕು ವರ್ಷ ಅದೇ ಪಾಸ್‌ವರ್ಡ್. ಅದು ಎಷ್ಟು ವಾಟ್ಸಾಪ್ ಗ್ರೂಪುಗಳನ್ನು ಸುತ್ತಿತ್ತೋ. ಏಳನೇ ತರಗತಿಯ ಹುಡುಗಿಯೊಬ್ಬಳು ಮೂರು ವಾರ ಕೂತು ಹಕ್ಕಿಗಳ ಬಗ್ಗೆ ಗುರುತು ಹಾಕಿಟ್ಟಿದ್ದ ಪುಟಗಳನ್ನೆಲ್ಲ ಅದೇ ಖಾತೆಗೆ ಬಂದ ಇನ್ಯಾರೋ ಅಳಿಸಿಬಿಟ್ಟರು. ಯಾರೆಂದು ಹುಡುಕಲೂ ಆಗಲಿಲ್ಲ, ಒಳಗೆ ಎಲ್ಲರ ಹೆಸರೂ ಒಂದೇ ಇತ್ತಲ್ಲ. ಆ ಮಗು ನನ್ನ ಮೇಜಿನ ಮುಂದೆ ನಿಂತು ಅತ್ತದ್ದು ನನಗಿನ್ನೂ ಮರೆತಿಲ್ಲ. ಹಾಗಾಗಿ ಪ್ರತಿ ಮಗುವಿಗೂ ಅವರದೇ ಲಾಗಿನ್. ಮನೆಯಲ್ಲಿ ಇರುವುದು ಒಂದೇ ಫೋನ್, ಮಕ್ಕಳು ಇಬ್ಬರು ಅನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಒಬ್ಬರು ಲಾಗ್‌ಔಟ್ ಮಾಡಿದ ಮೇಲೆ ಇನ್ನೊಬ್ಬರು ತೆರೆದರಾಯಿತು. ಪಾಸ್‌ವರ್ಡ್ ಮರೆತರೆ ಲೈಬ್ರರಿ ಮೇಡಂ ಸಂಜೆ ನಾಲ್ಕೂವರೆವರೆಗೆ ಇರುತ್ತಾರೆ, ಅಲ್ಲೇ ಬದಲಾಯಿಸಿ ಕೊಡುತ್ತಾರೆ, ಯಾರೂ ಗದರುವುದಿಲ್ಲ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠ ನೋಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಮೊದಲಿನಂತೆಯೇ ಇದೆ.

ಫೀಸ್ ಜಾಸ್ತಿ ಆಗುತ್ತಾ ಅಂತ ಕೇಳಿದವರಿಗೆ: ಇಲ್ಲ. ನಾವು ಹಾಕಿಕೊಂಡಿರುವುದು ಕೊಹಾ. ನ್ಯೂಜಿಲೆಂಡಿನ ಒಂದು ಲೈಬ್ರರಿಗಾಗಿ ಮಾಡಿ, 2000ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಕೊಹಾ ಅಂದರೆ ಉಡುಗೊರೆ.

ಇನ್ನು ಹೊಸ ಲಾಗಿನ್‌ಗೆ ಒಪ್ಪಿಗೆ ಪತ್ರದಲ್ಲಿ ನಿಮ್ಮ ಸಹಿ ಯಾಕೆ ಅನ್ನುವ ಪ್ರಶ್ನೆ. 18 ವರ್ಷದೊಳಗಿನ ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಕೇಳುತ್ತಿದ್ದೆ, ಮಕ್ಕಳು ನಿಮ್ಮವರು. ನಮಗೆ ಬೇಕಾದದ್ದು ಮಗುವಿನ ಹೆಸರು, ತರಗತಿ, ನಿಮ್ಮ ಒಂದು ಮೊಬೈಲ್ ನಂಬರ್, ಅಷ್ಟೇ. ಆಧಾರ್ ಬೇಡ, ಫೋಟೋ ಬೇಡ. ಸಹಿ ಬರುವವರೆಗೂ ಯಾವ ಮಗುವಿನ ಓದೂ ನಿಲ್ಲುವುದಿಲ್ಲ, ಲೈಬ್ರರಿಯ ಕಂಪ್ಯೂಟರಿನಲ್ಲಿ ಮೇಡಂ ಪಕ್ಕ ಕೂತು ಓದಬಹುದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಶುಕ್ರವಾರದೊಳಗೆ ಡೈರಿಯಲ್ಲಿಟ್ಟು ಕಳಿಸಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ