ಚಿಕ್ಕಪ್ಪ ತಂದ ಪಾರ್ಟಿಗೆ ಸಹಿ ಹಾಕಬೇಡಿ

ಡಾರ್ಟ್‌ಮುಂಡ್, ಜರ್ಮನಿ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ನಾನು ಕ್ಷೇಮ. ಅಮ್ಮ, ಅಜ್ಜಿ, ಶಶಿ ಎಲ್ಲರ ಕ್ಷೇಮಕ್ಕೆ ಬರೆಯುವುದು.

ನಿಮ್ಮ ಪತ್ರ ಓದಿದ ಮೇಲೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ. ಬೈಪಾಸ್ ಪಕ್ಕದ ಹೊಲವನ್ನು ಚಿಕ್ಕಪ್ಪ ಕರೆತಂದ ಪಾರ್ಟಿಗೆ ಕೊಟ್ಟು ನನ್ನ ಸಾಲ ತೀರಿಸುವ ಯೋಚನೆ ಇದೆ ಎಂದಿದ್ದೀರಿ. ದಯವಿಟ್ಟು ಅಡ್ವಾನ್ಸ್ ಮುಟ್ಟಬೇಡಿ. ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಆತನಿಗೆ ಬರೆದುಕೊಡುವ ಜಿಪಿಎ ಪತ್ರಕ್ಕಂತೂ ಸಹಿ ಹಾಕಲೇಬೇಡಿ.

ಎಕರೆಗೆ 36 ಸೈಟು ಎಂದು ಆ ಪಾರ್ಟಿಯವನು ಲೆಕ್ಕ ಕೊಟ್ಟನಂತೆ. 43,560 ಚದರಡಿಯನ್ನು ಮೂವತ್ತು ನಲವತ್ತರ ಸೈಟುಗಳಾಗಿ ಭಾಗಿಸಿದರೆ 36 ಬರುತ್ತದೆ, ಸರಿ. ಆದರೆ ಆ 36 ಮನೆಯವರು ಬಾಗಿಲು ತೆರೆದು ಕಾಲಿಡುವುದು ಎಲ್ಲಿಗೆ, ಪಕ್ಕದವರ ಅಡುಗೆಮನೆಗೇ? ರಸ್ತೆ, ಚರಂಡಿ, ಪಾರ್ಕಿಗೆ ಬಿಟ್ಟು ಉಳಿದದ್ದು ತಾನೇ ಸೈಟು! 1964ರ ಭೂಕಂದಾಯ ಕಾಯ್ದೆಯಂತೆ ಮೊದಲು ಭೂಪರಿವರ್ತನೆ, ಅಂದರೆ ಹೊಲವನ್ನು ಮನೆ ಕಟ್ಟುವ ಜಾಗವೆಂದು ಬದಲಿಸಿಕೊಳ್ಳುವುದು, ಆಗಬೇಕು, ಬಡಾವಣೆಯ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಬೇಕು. ಎರಡೂ ಇಲ್ಲದೆ ಕಲ್ಲು ನೆಟ್ಟು ಮಾರಿದರೆ ಆತ ದುಡ್ಡು ಎಣಿಸಿಕೊಂಡು ಹೋಗುತ್ತಾನೆ, ಪಹಣಿಯಲ್ಲಿ ಹೆಸರಿರುವ ನೀವು ಕಚೇರಿ ಅಲೆಯುತ್ತೀರಿ. ಮೂಲೆಯ ಹಳ್ಳ ಗ್ರಾಮನಕ್ಷೆಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಂದಿದೆ. ಆತನ ನಕ್ಷೆಯಲ್ಲಿ ಅದರ ಮೇಲೂ ನಾಲ್ಕು ಸೈಟು ಕೂತಿರುತ್ತದೆ, ಬೇಕಾದರೆ ನೋಡಿ.

ನಗರ ಮತ್ತು ಪ್ರಾದೇಶಿಕ ಯೋಜನೆ ಓದಿ ಬಂದು ಸರ್ವೇಯರ್ ಆಗುತ್ತಾನಾ ಎಂದು ಚಿಕ್ಕಪ್ಪ ನಕ್ಕರಂತೆ. ಮೇಲಿನದ್ದನ್ನು ಅವರಿಗೂ ಒಮ್ಮೆ ಓದಿ ಹೇಳಿ.

ಸಾಲದ ಚಿಂತೆ ಬಿಡಿ. ಇಲ್ಲಿ ನನಗೆ ಬೋಧನಾ ಶುಲ್ಕವಿಲ್ಲ. ಆರು ತಿಂಗಳಿಗೊಮ್ಮೆ ಕಟ್ಟುವ ಹಣದಲ್ಲಿ ಬಸ್ಸು, ರೈಲಿನ ಪಾಸೂ ಸೇರಿದೆ. ವೀಸಾಕ್ಕೆಂದು ಇಟ್ಟ 11,904 ಯೂರೋ ಎಲ್ಲಿಗೂ ಹೋಗಿಲ್ಲ, ತಿಂಗಳಿಗೆ 992ರಂತೆ ನನ್ನ ಖಾತೆಗೇ ಬರುತ್ತಿದೆ. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷಕ್ಕೆ. ಅಷ್ಟರೊಳಗೆ ಕೆಲಸ ಸಿಕ್ಕೇ ಸಿಗುತ್ತದೆ.

ಇಲ್ಲೊಂದು ವಿಚಿತ್ರ ಕೇಳಿ. ಹೋರ್ಡೆ ಎಂಬಲ್ಲಿ ಮುಚ್ಚಿಹೋದ ಉಕ್ಕಿನ ಕಾರ್ಖಾನೆಯನ್ನು ಬಿಚ್ಚಿ ಚೀನಾಕ್ಕೆ ಸಾಗಿಸಿ, ಆ ಜಾಗದಲ್ಲಿ 24 ಹೆಕ್ಟೇರಿನ, ಅಂದರೆ ಸುಮಾರು 60 ಎಕರೆಯ ಕೆರೆ ತೋಡಿದ್ದಾರೆ! 2010ರಲ್ಲಿ ನೀರು ತುಂಬಿಸಲು ಶುರು ಮಾಡಿದ್ದು. ನಮ್ಮಲ್ಲಿ ಕೆರೆ ಮುಚ್ಚಿ ಸೈಟು, ಇಲ್ಲಿ ಕೆರೆ ತೋಡಿ ದಂಡೆಯ ಮೇಲೆ ಸೈಟು. ತರಗತಿಯಲ್ಲಿ ಎಲ್ಲರೂ ಇದನ್ನೇ ಹೊಗಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ, ಹಳೇಬೀಡಿನ ಕೆರೆ ಹೊಯ್ಸಳರ ಕಾಲದಲ್ಲೇ ಇತ್ತು ಎಂದು ಹೇಳಿಯೇ ಕೂತೆ.

ವಿಶ್ವವಿದ್ಯಾಲಯಕ್ಕೆ ಚಾಲಕನಿಲ್ಲದ, ಕಂಬಿಗೆ ನೇತಾಡುತ್ತಾ ಹೋಗುವ ರೈಲಿದೆ. 1984ರಿಂದ ಓಡುತ್ತಿದೆಯಾದರೂ ಅಜ್ಜಿಗೆ ಹೇಳಬೇಡಿ. ಅಮ್ಮನಿಗೆ ಹೇಳಿ, ಊಟಕ್ಕೆ ಏನೂ ತೊಂದರೆಯಿಲ್ಲ. ತಟ್ಟೆಯ ತುಂಬ ಆಲೂಗಡ್ಡೆ, ಹಾಸನದವನಿಗೆ ಇನ್ನೇನು ಬೇಕು. ಚಳಿಯೂ ಅಷ್ಟಿಲ್ಲ. ಕೆಮ್ಮು ಪೂರ್ತಿ ಹೋಗಿದೆ, ಇದ್ದದ್ದೂ ಬಹಳವೇನೂ ಅಲ್ಲ.

ತರಗತಿಗೆ ಹೊತ್ತಾಯಿತು. ಪಹಣಿಯನ್ನೂ ಆ ಪಾರ್ಟಿ ಕೊಟ್ಟ ನಕ್ಷೆಯನ್ನೂ ಫೋಟೋ ತೆಗೆದು ಶಶಿ ಇದು ಕೈಸೇರಿದ ದಿನವೇ ಮೊಬೈಲಿಗೆ ಕಳುಹಿಸಲಿ. ಅಲ್ಲಿಯವರೆಗೆ ಯಾರು ಬಂದರೂ ಮಗನನ್ನು ಕೇಳಬೇಕು ಎಂದುಬಿಡಿ.

ಇಂತಿ ನಿಮ್ಮ ಮಗ