ಇಲ್ಲಿ ಬಿಇಒ ಯಾರು ಅಂತ ಕೇಳಿದ್ದಿರಲ್ಲ ಅಪ್ಪ

ಪ್ಲೇನೋ, ಟೆಕ್ಸಸ್
16 ನವೆಂಬರ್ 2025

ತೀರ್ಥರೂಪ ಅಪ್ಪನವರಿಗೆ, ಮಾತೃಶ್ರೀ ಅಮ್ಮನಿಗೆ ಸುಮಾಳ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳೋಕೆ ಹೊರಟರೆ ಅರ್ಧಕ್ಕೇ ಅಮ್ಮ "ಊಟ ಆಯ್ತಾ" ಅಂತ ಮಾತು ತಿರುಗಿಸುತ್ತಾಳೆ. ಅದಕ್ಕೇ ಈ ಕಾಗದ. ಅಪ್ಪ, ಕೆಂಪು ಪೆನ್ನು ಹಿಡಿದು ಕಾಗುಣಿತ ತಿದ್ದಬೇಡಿ, ಅಷ್ಟೇ.

ಮೊದಲು ಅಮ್ಮನ ಸಿಟ್ಟಿಗೆ ಉತ್ತರ. ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಅನಘಾಳನ್ನೂ ಕರೆದುಕೊಂಡು ಮೂರು ವಾರ ಬಾ ಅಂದೆ. ನಾಲ್ಕನೇ ಕ್ಲಾಸಿನ ಹುಡುಗಿ ಹದಿನೈದು ದಿನ ಶಾಲೆ ತಪ್ಪಿಸಿದರೆ ಯಾವ ಐಎಎಸ್ ಕೈತಪ್ಪುತ್ತೆ ಅಂತಲೂ ಕೇಳಿದೆ. ಐಎಎಸ್ ಏನೂ ಕೈತಪ್ಪಲ್ಲ ಅಮ್ಮ. ಶಾಲೆಗೆ ಬರೋ ದುಡ್ಡು ಕೈತಪ್ಪುತ್ತೆ.

ಟೆಕ್ಸಸ್‌ನಲ್ಲಿ ಶಾಲೆಗೆ ಎಷ್ಟು ಮಕ್ಕಳು ಸೇರಿದ್ದಾರೆ ಅಂತ ನೋಡಿ ದುಡ್ಡು ಕೊಡೋದಿಲ್ಲ. ದಿನಾ ಎಷ್ಟು ಜನ ಬಂದು ಕೂತರು ಅಂತ ನೋಡುತ್ತಾರೆ. ಹಾಜರಿ ಪುಸ್ತಕದಲ್ಲಿ ನೂರು ಹೆಸರಿದ್ದು, ಸರಾಸರಿ ತೊಂಬತ್ತೈದು ಮಕ್ಕಳು ಬಂದರೆ ತೊಂಬತ್ತೈದು ಮಕ್ಕಳ ದುಡ್ಡು. ಒಂದು ಮಗುವಿಗೆ ವರ್ಷಕ್ಕೆ ಇಷ್ಟು ಅಂತ ರಾಜ್ಯ ಒಂದು ಮೂಲ ಮೊತ್ತ ಇಟ್ಟಿದೆ. 2019ರಲ್ಲಿ ಅದು 6,160 ಡಾಲರ್. ಆರು ವರ್ಷ ಬೆಲೆಯೆಲ್ಲ ಏರಿದರೂ ಅದು ಅಲ್ಲಾಡಲಿಲ್ಲ. ಈ ವರ್ಷ ಅದಕ್ಕೆ 55 ಡಾಲರ್ ಸೇರಿಸಿದ್ದಾರೆ. ಮೇಷ್ಟ್ರುಗಳ ಸಂಬಳಕ್ಕೆ ಬೇರೆ ದುಡ್ಡು ಕೊಟ್ಟರು ಅನ್ನಿ. ನಮ್ಮಂಥ ದೊಡ್ಡ ಶಾಲಾ ಜಿಲ್ಲೆಯಲ್ಲಿ ಐದು ವರ್ಷ ಸರ್ವೀಸ್ ಆದವರಿಗೆ ವರ್ಷಕ್ಕೆ 5,000 ಡಾಲರ್ ಜಾಸ್ತಿ. ಆದರೆ ಆ 55 ಡಾಲರ್ ಮೊತ್ತ ಕೇಳಿದಾಗ ನನಗೆ ಕೊಬ್ಬರಿ ವ್ಯಾಪಾರಿಗಳು ಕ್ವಿಂಟಾಲಿಗೆ ಐದು ರೂಪಾಯಿ ಏರಿಸಿ ಮೀಸೆ ತಿರುವೋದು ನೆನಪಾಯಿತು. ದಿನದ ಲೆಕ್ಕ ಹಾಕಿದರೆ ಅನಘಾ ಒಂದು ದಿನ ತಪ್ಪಿಸಿದರೆ ಸುಮಾರು 35 ಡಾಲರ್. ಹದಿನೈದು ದಿನಕ್ಕೆ ನೀನೇ ಲೆಕ್ಕ ಹಾಕು.

ಅದಕ್ಕೇ ಶಾಲೆಯವರು ಹಾಜರಿಯ ಬೆನ್ನು ಬೀಳೋದು. ಕಾರಣ ಹೇಳದೆ ನಾಲ್ಕು ವಾರದಲ್ಲಿ ಮೂರು ದಿನ ತಪ್ಪಿಸಿದರೆ ಮನೆಗೆ ಎಚ್ಚರಿಕೆ ಪತ್ರ ಬರುತ್ತೆ. ಆರು ತಿಂಗಳಲ್ಲಿ ಹತ್ತು ದಿನ ಆಯಿತೋ, ವಿಷಯ ಕೋರ್ಟಿನವರೆಗೂ ಹೋಗಬಹುದು. ಚಿಕ್ಕಮ್ಮನ ಮದುವೆ ಕಾನೂನಿನ ಪಟ್ಟಿಯಲ್ಲಿರೋ ಕಾರಣ ಅಲ್ಲ. ತಮಾಷೆ ಅಂದರೆ ಹಬ್ಬ ಆ ಪಟ್ಟಿಯಲ್ಲಿದೆ. ಧರ್ಮದ ಹಬ್ಬಕ್ಕೆ ರಜೆ ಹಾಕಿದರೆ ಬಂದ ಹಾಗೇ ಲೆಕ್ಕ. ಡಾಕ್ಟರ ಹತ್ತಿರ ಹೋಗಿ ಅದೇ ದಿನ ವಾಪಸ್ ಬಂದರೂ ಹಾಗೇ. ದೀಪಾವಳಿಗೆ ಅವಳನ್ನು ಮನೆಯಲ್ಲೇ ಉಳಿಸಿಕೊಂಡೆ, ಯಾರೂ ಏನೂ ಅನ್ನಲಿಲ್ಲ.

ಈಗ ಅಪ್ಪನ ಪ್ರಶ್ನೆ. ಇಲ್ಲಿ ಬಿಇಒ ಯಾರು? ತಾಲ್ಲೂಕಿನ ಶಾಲೆಗಳನ್ನೆಲ್ಲ ನೋಡಿಕೊಳ್ಳೋ ಬಿಇಒ ಇಲ್ಲ ಅಪ್ಪ, ಅವರ ಮೇಲೆ ಜಿಲ್ಲೆಗೊಬ್ಬ ಡಿಡಿಪಿಐ ಕೂಡ ಇಲ್ಲ. ಶಾಲೆಗಳಿಗೇ ಅಂತ ಒಂದು ಪುಟ್ಟ ಸರ್ಕಾರ ಇದೆ. ಹೆಸರು ಪ್ಲೇನೋ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಶಾಲಾ ಜಿಲ್ಲೆ. ಊರಿನ ಮೇಯರ್‌ಗೂ ಇದಕ್ಕೂ ಸಂಬಂಧ ಇಲ್ಲ. ಗಡಿ ಕೂಡ ಬೇರೆ. ಪ್ಲೇನೋ ಊರಿನಲ್ಲೇ ಮನೆ ಇದ್ದು ಫ್ರಿಸ್ಕೋ ಅಥವಾ ಲೂಯಿಸ್‌ವಿಲ್ ಶಾಲಾ ಜಿಲ್ಲೆಗೆ ಸೇರಿದವರಿದ್ದಾರೆ. ಮನೆ ಕೊಳ್ಳುವಾಗ ನಮ್ಮವರು ವಾಸ್ತು ನೋಡೋ ಮುಂಚೆ ನೋಡೋದು ಇದನ್ನೇ.

ಇದನ್ನು ನಡೆಸೋದು ಏಳು ಜನರ ಮಂಡಳಿ. ನಿಮ್ಮ ಶಾಲೆಯಲ್ಲಿ ಪೋಷಕರ ಎಸ್‌ಡಿಎಂಸಿ ಸಮಿತಿ ಇತ್ತಲ್ಲ, ಅದಕ್ಕೆ ತೆರಿಗೆ ಹಾಕೋ ಅಧಿಕಾರ ಕೊಟ್ಟರೆ ಹೇಗಿರುತ್ತೆ ಅಂತ ಯೋಚಿಸಿ. ಏಳೂ ಜನರನ್ನು ಊರವರೇ ವೋಟು ಹಾಕಿ ಆರಿಸುತ್ತಾರೆ, ನಾಲ್ಕು ವರ್ಷಕ್ಕೆ. ಒಮ್ಮೆ ಮೂವರು, ಎರಡು ವರ್ಷ ಬಿಟ್ಟು ಉಳಿದ ನಾಲ್ವರು. ಪಕ್ಷದ ಚಿಹ್ನೆ ಇಲ್ಲ, ಒಂದು ಪೈಸೆ ಸಂಬಳ ಇಲ್ಲ. ಬಜೆಟ್ ಮಾಡೋದು, ತೆರಿಗೆ ದರ ಗೊತ್ತುಮಾಡೋದು, ಶಾಲೆ ತೆರೆಯೋದು, ಮುಚ್ಚೋದು ಎಲ್ಲ ಅವರೇ. ಸೂಪರಿಂಟೆಂಡೆಂಟ್ ಅಂತ ಒಬ್ಬರನ್ನು ನೇಮಿಸಿಕೊಳ್ಳುತ್ತಾರೆ. ದಿನದ ಆಡಳಿತ ಅವರದು. ನಿಮ್ಮ ಬಿಇಒ, ಡಿಡಿಪಿಐ ಇಬ್ಬರನ್ನೂ ಕಲಸಿದ ಹಾಗೆ, ಆದರೆ ವರ್ಗಾವಣೆ ಭಯ ಇಲ್ಲ. ಮಂಡಳಿಗೆ ಬೇಡವಾದರೆ ಮನೆಗೆ.

ದುಡ್ಡು ಬರೋದು ಮುಖ್ಯವಾಗಿ ಮನೆ ಕಂದಾಯದಿಂದ. ಮನೆ ಬೆಲೆಯ ಪ್ರತಿ ನೂರು ಡಾಲರಿಗೆ ಒಂದು ಡಾಲರಿಗಿಂತ ಚೂರು ಜಾಸ್ತಿ ಶಾಲೆಗೇ ಹೋಗುತ್ತೆ. ಸ್ವಂತ ವಾಸದ ಮನೆಗೆ ಸ್ವಲ್ಪ ರಿಯಾಯಿತಿ ಇದೆ. ಇದೇ ತಿಂಗಳು 4ನೇ ತಾರೀಖು ರಾಜ್ಯದ ಜನ ವೋಟು ಹಾಕಿ ಆ ರಿಯಾಯಿತಿಯನ್ನು 1,00,000 ಡಾಲರಿನಿಂದ 1,40,000ಕ್ಕೆ ಏರಿಸಿದರು. ಐದು ಲಕ್ಷ ಡಾಲರಿನ ಮನೆ ಅಂದರೆ ಮೂರು ಲಕ್ಷ ಅರವತ್ತು ಸಾವಿರಕ್ಕೆ ಮಾತ್ರ ತೆರಿಗೆ. ಆದರೂ ವರ್ಷಕ್ಕೆ 3,600 ಡಾಲರ್ ದಾಟುತ್ತೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಟ್ಟು ಬಂದವರಿಗೆ ಈ ಬಿಲ್ಲು ಬಂದಾಗ ಗೊತ್ತಾಗುತ್ತೆ.

ನಾವು ತೆರಿಗೆ ಕಟ್ಟುತ್ತೇವೆ, ವೋಟು ಮಾತ್ರ ಇಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಇಷ್ಟು ವರ್ಷ ಆಯಿತು, ನಾಗರಿಕತ್ವದ ಮಾತು ದೂರ. ಪಕ್ಕದ ಮನೆ ಅಜ್ಜಿ ಇದ್ದಾರಲ್ಲ, ವಿಡಿಯೋದಲ್ಲಿ ಅಮ್ಮನಿಗೆ ಕೈಬೀಸಿದರಲ್ಲ, ಅವರ ಮಕ್ಕಳು ಶಾಲೆ ಮುಗಿಸಿ ಮೂವತ್ತು ವರ್ಷ ಆಗಿದೆ. 65 ದಾಟಿದ್ದರಿಂದ ಅವರ ಶಾಲಾ ತೆರಿಗೆ ಏರದ ಹಾಗೆ ಕಟ್ಟಿಹಾಕಿದ್ದಾರೆ. ಅವರು ಒಂದು ಚುನಾವಣೆಯನ್ನೂ ಬಿಡೋದಿಲ್ಲ. ಮಂಡಳಿ ಚುನಾವಣೆ ಮೇ ತಿಂಗಳಲ್ಲಿ, ವೋಟಿಗೆ ಬರೋರೇ ಕಮ್ಮಿ. ನನ್ನ ಮಗಳ ಶಾಲೆಯನ್ನು ನಡೆಸೋರು ಯಾರು ಅಂತ ತೀರ್ಮಾನ ಮಾಡೋದು ಅಂಥವರು. ನಾನು ಬೇಕಾದರೆ ಸಭೆಗೆ ಹೋಗಿ ಮೈಕಿನ ಮುಂದೆ ಕೆಲವು ನಿಮಿಷ ಮಾತಾಡಬಹುದು. ಒಮ್ಮೆ ಹೆಸರು ಕೊಟ್ಟು, ಕೈ ನಡುಗಿ, ಸುಮ್ನೆ ವಾಪಸ್ ಬಂದೆ. ನಮ್ಮ ಮನೆಯವರು ಇನ್ನೂ ಅದನ್ನೇ ಹೇಳಿ ನಗುತ್ತಾರೆ.

ಆ ಅಜ್ಜಿಯನ್ನು ದೂರೋಕೆ ಹೇಳಲಿಲ್ಲ. ಇಲ್ಲಿನ ದೊಡ್ಡ ಕಷ್ಟ ಅವರ ಮನೆಯಲ್ಲೇ ಕಾಣುತ್ತೆ. ನಾಲ್ಕು ಕೋಣೆಯ ಮನೆ, ಒಬ್ಬರೇ. ನಮ್ಮ ಬೀದಿಯಲ್ಲಿ ಇಂಥ ಮನೆ ಏಳೆಂಟಿವೆ. ಮನೆಗಳ ಬೆಲೆ ಏರಿ, ಚಿಕ್ಕ ಮಕ್ಕಳಿರೋ ಸಂಸಾರಗಳು ಇನ್ನೂ ಉತ್ತರಕ್ಕೆ ಪ್ರಾಸ್ಪರ್, ಸೆಲೈನಾ ಕಡೆ ಹೋಗುತ್ತಿವೆ. ಹುಟ್ಟೋ ಮಕ್ಕಳೂ ಕಮ್ಮಿ. ಹದಿನಾಲ್ಕು ವರ್ಷದ ಹಿಂದೆ ಈ ಜಿಲ್ಲೆಯಲ್ಲಿ 55,000 ಮಕ್ಕಳಿದ್ದರು. ಈಗ 48,000ಕ್ಕಿಂತ ಕಮ್ಮಿ. ಬೆಂಚು ಖಾಲಿ ಅಂದರೆ ದುಡ್ಡೂ ಖಾಲಿ.

2024ರ ಜೂನಿನಲ್ಲಿ ಮಂಡಳಿ ನಾಲ್ಕು ಶಾಲೆ ಮುಚ್ಚೋ ತೀರ್ಮಾನ ಮಾಡಿತು. ಡೇವಿಸ್ ಮತ್ತು ಫೋರ್‌ಮನ್ ಪ್ರಾಥಮಿಕ ಶಾಲೆಗಳು, ಆರ್ಮ್‌ಸ್ಟ್ರಾಂಗ್ ಮತ್ತು ಕಾರ್ಪೆಂಟರ್ ಮಾಧ್ಯಮಿಕ ಶಾಲೆಗಳು. ಈ ಬೇಸಿಗೆಗೆ ಬಾಗಿಲು ಹಾಕಿದವು. ಪಕ್ಕದ ರಿಚರ್ಡ್‌ಸನ್ ಜಿಲ್ಲೆಯೂ ಕಳೆದ ವರ್ಷವೇ ಕೆಲವು ಪ್ರಾಥಮಿಕ ಶಾಲೆ ಮುಚ್ಚಲು ತೀರ್ಮಾನಿಸಿತ್ತು. ಅನಘಾಳ ಶಾಲೆ ಉಳಿಯಿತು. ಆದರೂ ಆ ಸುದ್ದಿ ಓದಿದ ರಾತ್ರಿ ನನಗೆ ನೀವೇ ಕಣ್ಮುಂದೆ ಬಂದಿರಿ. ನಿವೃತ್ತಿಯ ಮಾರನೇ ವರ್ಷ ನಿಮ್ಮ ಶಾಲೆಯಲ್ಲಿ ಒಂಬತ್ತೇ ಮಕ್ಕಳು ಅಂತ ಪಕ್ಕದೂರಿಗೆ ಸೇರಿಸಿದರಲ್ಲ. ನೀವು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಊರಿನಲ್ಲಿ ಯಾರನ್ನೂ ಕೇಳಲಿಲ್ಲ, ಆದೇಶ ಬಂತು ಅಷ್ಟೇ. ಇಲ್ಲಿ ತಿಂಗಳುಗಟ್ಟಲೆ ಸಭೆ, ನಕ್ಷೆ, ಅಂಕಿಅಂಶ. ಪೋಷಕರು ಬಂದು ಮಾತಾಡಿದರು. ಕೊನೆಗೆ ಮುಚ್ಚಿದ್ದು ಮುಚ್ಚಿದ್ದೇ. ಕೇಳಿಸಿಕೊಂಡು ಮುಚ್ಚಿದರೆ ನೋವು ಕಮ್ಮಿಯಾ ಅಪ್ಪ? ನಿಮ್ಮನ್ನೇ ಕೇಳುತ್ತಿದ್ದೇನೆ.

ಇಷ್ಟೆಲ್ಲ ತೆರಿಗೆ ಬಂದರೂ ಯಾಕೆ ಕೊರತೆ ಅಂದರೆ, ಇನ್ನೊಂದು ಕಥೆ ಇದೆ. ಇದು ನಿಮಗೆ ಇಷ್ಟ ಆಗುತ್ತೆ. ಇಲ್ಲಿ ಶ್ರೀಮಂತ ಜಿಲ್ಲೆಗಳು, ಮಕ್ಕಳ ಹಾಜರಿ ನೋಡಿ ರಾಜ್ಯ ಹಾಕೋ ಲೆಕ್ಕಕ್ಕಿಂತ ಜಾಸ್ತಿ ತೆರಿಗೆ ಬಂದರೆ, ಹೆಚ್ಚಾದದ್ದನ್ನು ರಾಜ್ಯಕ್ಕೆ ಕೊಡಬೇಕು. ಶ್ರೀಮಂತರಿಂದ ಕಿತ್ತು ಬಡವರಿಗೆ ಹಂಚುತ್ತಿದ್ದ ಕಥೆಯ ಕಳ್ಳನ ಹೆಸರಿನಲ್ಲಿ ಜನ ಇದನ್ನು ರಾಬಿನ್ ಹುಡ್ ಕಾನೂನು ಅನ್ನುತ್ತಾರೆ. ಪ್ಲೇನೋ ಮೊದಲಿಂದಲೂ ಕೊಡೋರ ಸಾಲಿನಲ್ಲಿದೆ. ಕೆಲವು ವರ್ಷ 10 ಕೋಟಿ ಡಾಲರ್ ದಾಟಿ ಕೊಟ್ಟಿದೆ. ಮಕ್ಕಳ ಹಾಜರಿ ಇಳಿದರೆ ನಮ್ಮ ಲೆಕ್ಕ ಇಳಿಯುತ್ತೆ, ಕೊಡೋದು ಜಾಸ್ತಿ ಆಗುತ್ತೆ. ಇಲ್ಲಿನ ಪಾರ್ಟಿಗಳಲ್ಲಿ ನಮ್ಮವರೂ ಇದನ್ನು ಬೈಯುತ್ತಾರೆ. ನಾನೂ ಬೈದಿದ್ದೆ, ಹಿಂದಿನದ್ದು ಓದೋವರೆಗೆ.

ಸ್ಯಾನ್ ಆಂಟೋನಿಯೋ ಊರಿನಲ್ಲಿ ಎಜ್‌ವುಡ್ ಅಂತ ಬಡ ಜಿಲ್ಲೆ, ಹೆಚ್ಚಾಗಿ ಮೆಕ್ಸಿಕನ್ ಮೂಲದ ಕುಟುಂಬಗಳು. ಅದೇ ಊರಿನ ಇನ್ನೊಂದು ಕಡೆ ಅಲಮೋ ಹೈಟ್ಸ್ ಅಂತ ಶ್ರೀಮಂತ ಜಿಲ್ಲೆ. 1967–68ರಲ್ಲಿ ಎಜ್‌ವುಡ್ ಜನ ಜಾಸ್ತಿ ದರದ ತೆರಿಗೆ ಕಟ್ಟಿದರೂ ಆ ತೆರಿಗೆಯಿಂದ ಮಗುವಿಗೆ ಸಿಕ್ಕಿದ್ದು 26 ಡಾಲರ್. ಕಮ್ಮಿ ದರ ಕಟ್ಟಿದ ಅಲಮೋ ಹೈಟ್ಸ್‌ನಲ್ಲಿ 333 ಡಾಲರ್. ಮನೆಗಳ ಬೆಲೆ ಹಾಗಿತ್ತು. ಡೆಮಿಟ್ರಿಯೊ ರಾಡ್ರಿಗಸ್ ಅನ್ನೋ ಒಬ್ಬ ತಂದೆ, ಇನ್ನೂ ಕೆಲವು ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ಅವರ ವಿರುದ್ಧ ಹೇಳಿತು. ದೇಶದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ ಅಂತ. ಆಮೇಲೆ ರಾಜ್ಯದ ಸಂವಿಧಾನ ಹಿಡಿದು ಮತ್ತೆ ಹೋರಾಡಿದರು. 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಅವರ ಪರ ತೀರ್ಪು ಕೊಟ್ಟರು. ಈ ರಾಬಿನ್ ಹುಡ್ ಕಾನೂನು ಬಂದಿದ್ದು 1993ರಲ್ಲಿ. ಆ 26 ಡಾಲರ್ ಗೊತ್ತಾದ ಮೇಲೆ ನನಗೆ ಪಾರ್ಟಿಯಲ್ಲಿ ಬೈಯೋಕೆ ಬಾಯಿ ಬರಲ್ಲ.

ಕಟ್ಟಡಕ್ಕೆ ಮಾತ್ರ ದುಡ್ಡು ಬೇರೆ. ಜನರ ಒಪ್ಪಿಗೆ ಕೇಳಿ ಜಿಲ್ಲೆ ಸಾಲ ಎತ್ತುತ್ತೆ. ವೋಟಿನ ಚೀಟಿಯಲ್ಲೇ "ಇದು ಆಸ್ತಿ ತೆರಿಗೆ ಹೆಚ್ಚಳ" ಅಂತ ಬರೆದಿರಬೇಕು, ಕಾನೂನು. ಆ ಸಾಲದಿಂದ ಮೇಷ್ಟ್ರಿಗೆ ಸಂಬಳ ಕೊಡೋ ಹಾಗಿಲ್ಲ. ಪಕ್ಕದ ಆಲನ್ ಊರಿನವರು 2012ರಲ್ಲಿ ಒಂದು ಹೈಸ್ಕೂಲಿಗೆ ಸುಮಾರು 6 ಕೋಟಿ ಡಾಲರಿನ ಫುಟ್‌ಬಾಲ್ ಮೈದಾನ ಕಟ್ಟಿಸಿದರು, 18,000 ಜನ ಕೂರೋದು. ಎರಡು ವರ್ಷಕ್ಕೇ ಕಾಂಕ್ರೀಟು ಬಿರುಕು ಬಿಟ್ಟು ಮುಚ್ಚಿ ರಿಪೇರಿ ಮಾಡಬೇಕಾಯಿತು. ಸೋರೋ ಹೆಂಚಿಗೆ ಎಂಟು ವರ್ಷ ಅರ್ಜಿ ಬರೆದ ಅಪ್ಪ, ಇದನ್ನು ಎರಡು ಸಲ ಓದಿಕೊಳ್ಳಿ.

ಓದು ಹೇಗಿದೆ ಅಂದರೆ, ಚೆನ್ನಾಗಿಯೇ ಇದೆ. ಮೂರನೇ ಕ್ಲಾಸಿನಿಂದ ಸ್ಟಾರ್ ಅಂತ ರಾಜ್ಯದ ಪರೀಕ್ಷೆ. ಅದನ್ನೂ ಇನ್ನು ಕೆಲವನ್ನೂ ಸೇರಿಸಿ ಪ್ರತಿ ಶಾಲೆಗೂ ಜಿಲ್ಲೆಗೂ ಎ-ಯಿಂದ ಎಫ್‌ವರೆಗೆ ಗ್ರೇಡು ಕೊಡುತ್ತಾರೆ. ರಾಜ್ಯದ ಸರಾಸರಿಗಿಂತ ಪ್ಲೇನೋ ಮೇಲಿದೆ. ಆದರೆ ಇದು ಬರೀ ದೊಡ್ಡ ಮನೆಗಳ ಊರು ಅಂದುಕೊಳ್ಳಬೇಡಿ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಕ್ಕಳು ಬಡ ಮನೆಯವರು. ಶಾಲೆಯಿಂದ ಶಾಲೆಗೆ ಫಲಿತಾಂಶ ತುಂಬ ಬೇರೆ, ಜಿಲ್ಲೆಯ ಒಟ್ಟು ಗ್ರೇಡಿನಲ್ಲಿ ಅದು ಕಾಣಲ್ಲ. ಗ್ರೇಡು ಸತತ ಬಿದ್ದರೆ ರಾಜ್ಯವೇ ಬಂದು ಕೂರುತ್ತೆ. 2023ರಲ್ಲಿ ಹ್ಯೂಸ್ಟನ್ ಜಿಲ್ಲೆಯಲ್ಲಿ ಆರಿಸಿ ಬಂದ ಮಂಡಳಿಯನ್ನು ಪಕ್ಕಕ್ಕಿಟ್ಟು ತನ್ನವರನ್ನು ಕೂರಿಸಿತು. ಕಳೆದ ತಿಂಗಳು ಫೋರ್ಟ್ ವರ್ತ್‌ಗೂ ಹಾಗೇ ಅಂತ ಘೋಷಣೆ ಆಗಿದೆ. ಒಂದೇ ಒಂದು ಶಾಲೆ ಸತತ ಐದು ವರ್ಷ ಫೇಲಾದದ್ದಕ್ಕೆ. ವೋಟು, ಮಂಡಳಿ ಅಂತ ನಾನು ಮೇಲೆ ಬರೆದದ್ದೆಲ್ಲ ರಾಜ್ಯ ಸುಮ್ಮನಿರೋವರೆಗೆ ಮಾತ್ರ.

ಮುಂದಿನ ವರ್ಷದಿಂದ ಖಾಸಗಿ ಶಾಲೆಗೆ ಹೋಗೋ ಮಕ್ಕಳಿಗೂ ಸರ್ಕಾರ ದುಡ್ಡು ಕೊಡುತ್ತೆ, ಮೊದಲಿಗೆ 100 ಕೋಟಿ ಡಾಲರ್ ತೆಗೆದಿಟ್ಟಿದ್ದಾರೆ. ಸರ್ಕಾರದ ದುಡ್ಡಲ್ಲಿ ಖಾಸಗಿ ಶಾಲೆಯ ಆರ್‌ಟಿಇ ಸೀಟು ಬಂದ ಕಾಲದಲ್ಲಿ ನೀವು ಗೊಣಗುತ್ತಿದ್ದದ್ದು ನೆನಪಿದೆ. ಇಲ್ಲಿನ ಮೇಷ್ಟ್ರುಗಳೂ ಅದನ್ನೇ ಇಂಗ್ಲಿಷಿನಲ್ಲಿ ಗೊಣಗುತ್ತಿದ್ದಾರೆ.

ಇನ್ನೊಂದು ವಿಷಯ ಕೇಳಿದರೆ ಅಮ್ಮನಿಗೆ ನಗು ಬರುತ್ತೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ಒಂದೇ ಹೈಸ್ಕೂಲು. ಪ್ಲೇನೋದಲ್ಲಿ ಹಾಗಲ್ಲ. ಒಂಬತ್ತು, ಹತ್ತು ಒಂದು ಕಡೆ. ಹನ್ನೊಂದು, ಹನ್ನೆರಡು ಸೀನಿಯರ್ ಹೈಸ್ಕೂಲ್ ಅಂತ ಬೇರೆ. ಥೇಟ್ ನಮ್ಮ ಪಿಯುಸಿ! ಹನ್ನೆರಡರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು. ಆಸ್ಟಿನ್ ಊರಿನ ಟೆಕ್ಸಸ್ ಯೂನಿವರ್ಸಿಟಿಗೆ ನೇರ ಸೀಟು ಬೇಕಾದರೆ ಅವರಲ್ಲಿ ಮೊದಲ ಶೇಕಡಾ ಐದರೊಳಗೆ ಇರಬೇಕು. ಟ್ಯೂಷನ್ ಓಟ ಇಲ್ಲೂ ತಪ್ಪಲಿಲ್ಲ.

ಮದುವೆಗೆ ನಾನೊಬ್ಬಳೇ ಹತ್ತು ದಿನಕ್ಕೆ ಬರುತ್ತೇನೆ. ಅನಘಾ ಅವರಪ್ಪನ ಜೊತೆ ಇರುತ್ತಾಳೆ. ಜೂನಿನಲ್ಲಿ ರಜೆ, ಆಗ ಅವಳನ್ನು ಎರಡು ತಿಂಗಳು ನಿಮ್ಮ ಹತ್ತಿರವೇ ಬಿಡುತ್ತೇನೆ. ಅಮ್ಮ, ಸಿಟ್ಟು ಮಾಡಿಕೊಳ್ಳಬೇಡ. ಚಿಕ್ಕಪ್ಪನಿಗೆ ನೀನೇ ಹೇಳು, ನನಗೆ ಧೈರ್ಯ ಇಲ್ಲ.

ನಿಮ್ಮ ಮಗಳು
ಸುಮಾ

ಮರೆತಿದ್ದೆ: ಬಿಸಿಯೂಟ ಇದೆಯಾ ಅಂತ ಕೇಳಿದ್ದಿರಿ. ಇದೆ. ಬಡ ಮಕ್ಕಳಿಗೆ ಪುಕ್ಕಟೆ ಅಥವಾ ಕಮ್ಮಿ ಬೆಲೆ, ಉಳಿದವರು ದುಡ್ಡು ಕೊಡಬೇಕು. ಅನಘಾ ಶುಕ್ರವಾರ ಮಾತ್ರ ಅಲ್ಲಿ ತಿನ್ನುತ್ತಾಳೆ, ಪಿಜ್ಜಾ ಇದ್ದರೆ. ಉಳಿದ ದಿನ ಡಬ್ಬಿಯಲ್ಲಿ ಚಿತ್ರಾನ್ನ.